ಕಾಯಿಗೆ ತಕ್ಕ ವಾಟೆ

ಅಷ್ಟಮಿ, ಚೌತಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಮಕ್ಕಳು ಕತ್ತಿ ಹಿಡಿದು ತೋಡಿನ ಬದಿಯ ವಾಟೆ ಬಿದಿರ ಹಿಂಡಿಲಿಗೆ ಹೋಗುತ್ತಿದ್ದ ಕಾಲವಿತ್ತು. ಗೇಣುದ್ದದ, ಗಂಟಿಲ್ಲದ ಒಂದು ವಾಟೆ ತುಂಡು. ಅದರೊಳಗೆ ಸಲೀಸಾಗಿ ಓಡುವ ಕಡ್ಡಿ, ಕಡ್ಡಿಗೊಂದು ಹಿಡಿ. ಇಷ್ಟಾದರೆ ಪೆಟ್ಲು ತಯಾರು. ಮೊದಲ ಕಾಯಿಯನ್ನು ತಳ್ಳಿ ವಾಟೆಯ ತುದಿಯಲ್ಲಿ ನಿಲ್ಲಿಸಬೇಕು. ಎರಡನೆಯದನ್ನು ಹಿಂದಿನಿಂದ ಇಟ್ಟು ಒಮ್ಮೆಲೇ ಒತ್ತಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಹಿಂಡಿ ಹಿಂಡಿ ಮುಂದಿನ ಕಾಯಿಯನ್ನು 'ಪಟ್' ಎಂದು ಹಾರಿಸುತ್ತದೆ. ಹಿಂದಿನ ಕಾಯಿ ಈಗ ತುದಿಗೆ ಬಂದು ಮುಂದಿನ ಈಡಿಗೆ ಸಿದ್ಧವಾಗಿರುತ್ತದೆ. ಘಟ್ಟದ ಮೇಲೆ, ಶಿರಸಿ ಕಡೆಯಲ್ಲಿ ಇದಕ್ಕೆ ಜುಮ್ಮನಕಾಯಿ ಹಾಕುತ್ತಾರೆ. ದೂರದ ಬಸ್ತರಿನ ಜಗದಲ್‌ಪುರದಲ್ಲಿ ರಥಯಾತ್ರೆಯ ಹೊತ್ತಿಗೆ ನಡೆಯುವ ಗೋಂಚಾ ಹಬ್ಬದಲ್ಲಿ ಇದೇ ಬಿದಿರ ಕೋವಿಗೆ 'ತುಪ್ಕಿ' ಎಂದು ಹೆಸರು.

ಪೆಟ್ಲಿನ ವಿದ್ಯೆಯೆಲ್ಲ ಇರುವುದು ಒಂದೇ ಕಡೆ. ಕಾಯಿ ವಾಟೆಗೆ ಸರಿಯಾಗಿ ಕೂರಬೇಕು. ಸಡಿಲವಾದರೆ ಗಾಳಿ ಪಕ್ಕದಿಂದ ನುಸುಳಿ ಕಾಯಿ ಕಾಲಬುಡದಲ್ಲೇ ಬೀಳುತ್ತದೆ. ಬಿಗಿಯಾದರೆ ಕಾಯಿ ಒಳಗೇ ಜಜ್ಜಿ ರಸವಾಗುತ್ತದೆ. ಕಡ್ಡಿ ಒತ್ತುವ ಕೈಯ ಬಲ ಆಮೇಲಿನ ಮಾತು.

ಇಷ್ಟು ಹಳೆಯ ಸಂಗತಿಯಿಂದ ಶುರುಮಾಡಲು ಕಾರಣವಿದೆ. ಬೈಂದೂರು ಕಡೆ ಹೋಂಸ್ಟೇ ನಡೆಸುವ ನಮ್ಮ ಭಾವ, ವಕೀಲರ ಹತ್ತಿರ ವಿಚಾರಿಸಿ ಕಾಗದ ಪತ್ರ ಮಾಡಿಸಿಕೊಂಡು, ಬೆಂಗಳೂರಿನಿಂದ ಬಣ್ಣದ ಗುಂಡು ಹಾರಿಸುವ ಎರಡು ಹಳೆಯ ಪೇಂಟ್‌ಬಾಲ್ ಗನ್ ತಂದರು. ಬಂದ ಅತಿಥಿಗಳಿಗೆ ಆಟಕ್ಕೆಂದು ತಂದದ್ದು. ಎರಡೂ ಸೋರುತ್ತಿದ್ದವು, ಒಂದಂತೂ ಹತ್ತು ಗುಂಡು ಹೊಡೆದರೆ ಮೂರನ್ನು ನಳಿಗೆಯಲ್ಲೇ ಒಡೆಯುತ್ತಿತ್ತು. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ರಿಪೇರಿ ಮಾಡು ಎಂದು ನನ್ನ ಕೈಗಿತ್ತರು. ಅದೇ ವಾರ ಸಿದ್ದಾಪುರ, ಹೊಸಂಗಡಿ ಕಡೆಯ ಇಬ್ಬರು ತೋಟದವರು ಸುದ್ದಿ ಕೇಳಿ ಬಂದು ಬೇರೆಯೇ ಪ್ರಶ್ನೆ ಹಾಕಿದರು: ಇದರಲ್ಲಿ ಮಂಗ ಓಡಿಸಬಹುದೇ? ಸ್ಪ್ರಿಂಗ್ ಬದಲಿಸಿ ಇನ್ನೂ ಜೋರು ಮಾಡಬಹುದೇ? ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದದ್ದೇ ಈ ಬರಹ. ಕಡಿಮೆ ಖರ್ಚಿನಲ್ಲಿ ಮನೆಯ ಚಾವಡಿಯಲ್ಲಿ ಕೂತು ಇಂಥ ಗಾಳಿಕೋವಿಯನ್ನು ಎಷ್ಟು ತಿದ್ದಬಹುದು, ಎಲ್ಲಿ ಕೈ ನಿಲ್ಲಿಸಬೇಕು?

ತೋಟದವರ ಸಂಕಟ ಗೊತ್ತಿರುವವರಿಗೆ ಆ ಪ್ರಶ್ನೆ ಹಗುರವಾಗಿ ಕಾಣುವುದಿಲ್ಲ. ಹಳ್ಳಿಹೊಳೆ, ಜಡ್ಕಲ್, ಮುದೂರು, ಅಮಾಸೆಬೈಲು, ಈಚೆ ಕೊಕ್ಕರ್ಣೆಯವರೆಗೂ ಘಟ್ಟದ ಬುಡದ ತೋಟಗಳಲ್ಲಿ ಬೊಂಡ ಬಲಿಯುವ ಮೊದಲೇ ಮಂಗ ಕಿತ್ತು ಕಚ್ಚಿ ಬಿಸಾಡುತ್ತದೆ. ಬಾಳೆಗೊನೆ, ಕೊಕ್ಕೋ, ಎಳೆ ಅಡಿಕೆ ಯಾವುದೂ ಉಳಿಯುವುದಿಲ್ಲ. ಘಟ್ಟದ ಮೇಲಿನವರದೂ ಇದೇ ಪಾಡು. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಕ್ಕವರು ಬಹಳ. ಆದರೆ ಒಂದು ವರ್ಷದ ಫಸಲು ಕಣ್ಣೆದುರೇ ನೆಲಕ್ಕೆ ಬೀಳುವುದನ್ನು ನೋಡಿದವರಿಗೆ ಅದರಲ್ಲಿ ನಗು ಬರುವಂಥದ್ದು ಏನೂ ಇಲ್ಲ. ಬಣ್ಣದ ಒಂದು ಡಬ್ಬಿಯಲ್ಲಿ, ಯಾರಿಗೂ ನೋವಾಗದ ಹಾಗೆ, ಕೈಲಾದದ್ದನ್ನು ಮಾಡಿದ್ದರು ಅವರು.

ಈ ಸಂಕಟದಿಂದಲೇ ಹುಟ್ಟಿದ್ದು ಪಿವಿಸಿ ಪೈಪಿನ ಕಾರ್ಬೈಡ್ ಕೋವಿ. ಕೆಲವು ವರ್ಷಗಳಿಂದ ಕರಾವಳಿ, ಮಲೆನಾಡು ಎರಡೂ ಕಡೆ ಇದು ಮನೆಮನೆಗೆ ಬಂದಿದೆ, ಸಂತೆಯಲ್ಲೂ ಸಿಗುತ್ತಿತ್ತು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಲೀನ್ ಅನಿಲ ಹುಟ್ಟುತ್ತದೆ, ಅದಕ್ಕೆ ಕಿಡಿ ತಾಗಿದರೆ ಗರ್ನಾಲಿನಂಥ ಸದ್ದು. ಮಂಗ ಓಡುತ್ತದೆ, ಖರ್ಚೂ ಕಡಿಮೆ. ಆದರೆ ಆ ಪೈಪು ಯಾವುದಕ್ಕೆ ಮಾಡಿದ್ದು ಎಂಬುದನ್ನು ಯಾರೂ ಓದುವುದಿಲ್ಲ. ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ಮೇಲೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 4 ಅಥವಾ 6 ಕೆ.ಜಿ. ಎಂದು ಅಚ್ಚು ಹಾಕಿರುತ್ತಾರೆ, ಅದೂ ತಣ್ಣೀರಿಗೆ. ನೀರು ತುಂಬಿ ಒಡೆದ ಪೈಪು ಸೀಳು ಬಿಟ್ಟು ಸುಮ್ಮನಾಗುತ್ತದೆ. ಅನಿಲದಿಂದ ಒಡೆದ ಪೈಪು ಚೂರುಚೂರಾಗಿ ಹಾರುತ್ತದೆ, ಬಿಸಿಲಿಗೆ ಬಿದ್ದು ಹಳತಾದದ್ದಂತೂ ಗಾಜಿನ ಹಾಗೆ.

ಕೋವಿ ಸಿಡಿಯಲಿಲ್ಲ ಎಂದು ಬಗ್ಗಿ ಪೈಪಿನೊಳಗೆ ಇಣುಕುವುದು ಮನುಷ್ಯ ಸಹಜ. ತಡವಾಗಿ ಹೊತ್ತಿದ ಅನಿಲ ಆಗ ನೇರ ಕಣ್ಣಿಗೆ ಬರುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಆದದ್ದು ಇದೇ. ಮಂಗ ಓಡಿಸುವ ಈ ಕೋವಿಯನ್ನು ಪಟಾಕಿಯ ಹಾಗೆ ಮಾರಿದರು. ಭೋಪಾಲ ಮತ್ತು ಸುತ್ತಲಿನ ಜಿಲ್ಲೆಗಳ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು, ಕೆಲವರ ದೃಷ್ಟಿಯೇ ಹೋಯಿತು. ಮೇಲಾಗಿ ಕಾರ್ಬೈಡು ನೀರಿನೊಡನೆ ಸೇರಿ ಬಿಡುವ ಸುಣ್ಣ ಕಣ್ಣನ್ನು ಸುಡುತ್ತದೆ. ಪೆಟ್ಟು ಒಂದು, ಸುಟ್ಟಗಾಯ ಇನ್ನೊಂದು. ನಮ್ಮ ಮನೆಗಳಲ್ಲಿ ಈಗಲೂ ಈ ಕೋವಿ ಬಾಗಿಲ ಮೂಲೆಗೆ ಒರಗಿಕೊಂಡು ಇರುತ್ತದೆ, ಮಕ್ಕಳ ಕೈಗೆ ಎಟಕುವ ಹಾಗೆ. ಇದನ್ನು ತಿದ್ದಿ ಒಳ್ಳೆಯದು ಮಾಡುವ ದಾರಿ ನನಗೆ ಕಾಣುವುದಿಲ್ಲ. ಬಿಡುವುದೇ ಸರಿ.

ತೋಟೆ ಕೋವಿ ಇದ್ದವರ ಕಥೆ ಬೇರೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರು ಚುನಾವಣೆ ಬಂದಾಗ ಸಾಮಾನ್ಯವಾಗಿ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರಬೇಕಾಗುತ್ತದೆ. ಮಂಗನ ಮೇಲೆ ಅದನ್ನು ಎತ್ತುವ ಹಾಗೂ ಇಲ್ಲ.

ಇನ್ನು ಪೇಂಟ್‌ಬಾಲ್. ಈ ಯಂತ್ರ ಹುಟ್ಟಿದ್ದೇ ಕಾಡಿನ ಕೆಲಸಕ್ಕೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಕಡಿಯಬೇಕಾದ ಮರಗಳಿಗೆ ಗುರುತು ಹಾಕುವ ಬಣ್ಣ ಮಾಡುತ್ತಿತ್ತು. ಹೊಳೆಯಾಚೆಯ ಮರಕ್ಕೂ ಹತ್ತಿರ ಹೋಗದೆ ಗುರುತು ಹಾಕಲು, ಗಾಳಿಕೋವಿ ತಯಾರಿಸುತ್ತಿದ್ದ ಡೈಸಿ ಕಂಪನಿಯಿಂದ 1970ರ ದಶಕದಲ್ಲಿ ಒಂದು ಪಿಸ್ತೂಲು ಮಾಡಿಸಿತು. ಹೆಸರು ನೆಲ್‌ಸ್ಪಾಟ್ 007. ದನ ಸಾಕುವವರೂ ತಮ್ಮ ದನಗಳಿಗೆ ಗುರುತು ಹಾಕಲು ಅದನ್ನು ಕೊಂಡರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ ಹನ್ನೆರಡು ಜನ ಅದನ್ನೇ ಹಿಡಿದು ಬಾವುಟ ಕದಿಯುವ ಆಟ ಆಡಿದರು. ಮೊದಲ ಪೇಂಟ್‌ಬಾಲ್ ಆಟ ಅದೇ. ಗೆದ್ದವರು ರಿಚಿ ವೈಟ್, ಕಾಡಿನ ಕೆಲಸದವರು. ಒಂದೇ ಒಂದು ಗುಂಡು ಹಾರಿಸದೆ, ಯಾರ ಕಣ್ಣಿಗೂ ಬೀಳದೆ, ಮರಗಳ ಮರೆಯಲ್ಲೇ ನಡೆದು ಬಾವುಟಗಳನ್ನೆಲ್ಲ ತಂದಿದ್ದರು. ಈ ಸಂಗತಿ ನನಗೆ ತುಂಬ ಇಷ್ಟ.

ಇಂದಿಗೂ ಗುಂಡಿನ ಅಳತೆ ಇಂಚಿನ 0.68, ಅಂದರೆ 17 ಮಿಲಿಮೀಟರಿಗೆ ತುಸು ಹೆಚ್ಚು. ತೂಕ ಸುಮಾರು 3 ಗ್ರಾಂ. ಹೊರಗೆ ಜೆಲಟಿನ್ ಸಿಪ್ಪೆ, ಔಷಧಿ ಅಂಗಡಿಯ ಕ್ಯಾಪ್ಸೂಲಿನದೇ ಜಾತಿ. ಒಳಗೆ ನೀರಿಗೆ ತೊಳೆದುಹೋಗುವ ಬಣ್ಣ. ಆಟದ ಮೈದಾನಗಳಲ್ಲಿ ಗುಂಡಿನ ವೇಗಕ್ಕೆ ಮಿತಿ ಸೆಕೆಂಡಿಗೆ 300 ಅಡಿ, ನಮ್ಮ ಲೆಕ್ಕದಲ್ಲಿ 91 ಮೀಟರ್. ಆ ವೇಗದಲ್ಲಿ ಗುಂಡಿನ ಶಕ್ತಿ 12 ಜೂಲ್ ಚಿಲ್ಲರೆ.

ಗನ್ ಬಿಚ್ಚಿ ಚಾಪೆಯ ಮೇಲೆ ಸಾಲಾಗಿ ಇಟ್ಟುಕೊಂಡ ದಿನ ಜೋರು ಮಳೆ. ನೆರೆಮನೆಯ ಅಜ್ಜಯ್ಯ ಕೊಡೆ ಮಡಚಿ ಚಾವಡಿಗೆ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ ನಳಿಗೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು.

"ಇದ್ ಎಂತ ಮಾಣಿ, ದೊಡ್ಡ್ ಪೆಟ್ಲಾ?"

"ಹೌದ್ ಅಜ್ಜಯ್ಯ, ಹಾಂಗೇ ಅಂದೇಳಿ. ಕಡ್ಡಿ ಬದ್ಲ್ ಗ್ಯಾಸ್."

ಡಬ್ಬಿಯಿಂದ ಒಂದು ಗುಂಡು ತೆಗೆದು ನಳಿಗೆಯ ಬಾಯಿಗಿಟ್ಟರು. ಅದು ಬುಳಕ್ಕನೆ ಒಳಗೆ ಜಾರಿ ಆಚೆ ಬದಿಯಿಂದ ಚಾಪೆಗೆ ಬಿತ್ತು. "ಸಡ್ಲ್ ಆಯ್ತಲೆ. ವಾಟೆ ದೊಡ್ಡ್, ಕಾಯಿ ಸಣ್ದ್" ಎಂದರು. ಇನ್ನೊಂದು ಗುಂಡು ಇಟ್ಟರು, ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಒಂದೇ ಡಬ್ಬಿ, ಎರಡು ಗಾತ್ರ. ಮಳೆಗಾಲದ ತೇವಕ್ಕೆ ಜೆಲಟಿನ್ ಉಬ್ಬಿತ್ತು, ಮೇಲಿನವು ಹೆಚ್ಚು, ಅಡಿಯವು ಕಡಿಮೆ.

ಪೇಂಟ್‌ಬಾಲ್ ಗನ್ ಬಲ್ಲವರು ಮಾಡುವ ಪರೀಕ್ಷೆಯೂ ಇದೇ. ಗುಂಡನ್ನು ನಳಿಗೆಯಲ್ಲಿಟ್ಟು ಓರೆ ಮಾಡಿದರೆ ಉರುಳಬಾರದು, ಬಾಯಿಂದ ಊದಿದರೆ ಹೊರಬೀಳಬೇಕು. ನಳಿಗೆಗಳ ಒಳವ್ಯಾಸ ಇಂಚಿನ 0.684ರಿಂದ 0.693ರವರೆಗೆ ಬೇರೆ ಬೇರೆ ಇರುತ್ತದೆ. ದುಡ್ಡಿದ್ದವರು ನಾಲ್ಕೈದು ನಳಿಗೆ ಇಟ್ಟುಕೊಂಡು ಗುಂಡಿಗೆ ತಕ್ಕದ್ದನ್ನು ಹಾಕುತ್ತಾರೆ. ದುಡ್ಡಿಲ್ಲದವರಿಗೆ ಅಜ್ಜಯ್ಯ ಹೇಳಿದ್ದೇ ದಾರಿ: "ವಾಟೆ ಬದ್ಲ್‌ಸುಕ್ ಆತಿಲ್ಲ ಅಂದ್ರೆ ಕಾಯಿ ಹೆರ್ಕ್." ಅಂದು ಸಂಜೆಯೊಳಗೆ ಒಂದು ಹಲಗೆಗೆ ಎರಡು ತೂತು ಕೊರೆದೆ. ದೊಡ್ಡ ತೂತಿನಲ್ಲಿ ಬಿದ್ದು ಸಣ್ಣದರಲ್ಲಿ ನಿಂತವು ಮಾತ್ರ ಆಟಕ್ಕೆ. ನಳಿಗೆಯಲ್ಲಿ ಒಡೆಯುವುದು ಅಷ್ಟಕ್ಕೇ ಮುಕ್ಕಾಲು ಪಾಲು ನಿಂತಿತು. ಖರ್ಚಾದದ್ದು ಒಂದು ತುಂಡು ಹಲಗೆ.

ಹಾಗಾಗಿ ಕಡಿಮೆ ಖರ್ಚಿನಲ್ಲಿ ಗನ್ ತಿದ್ದುವವರಿಗೆ ನನ್ನ ಮೊದಲ ಮಾತು ಗುಂಡನ್ನು ಕಾಪಾಡಿ ಎಂಬುದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಹಾಕಿದ ಅಂಗಿಗೂ ಬೂಸ್ಟು ಬರುತ್ತದೆ, ಜೆಲಟಿನ್ ಹೇಗೆ ತಡೆದೀತು? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿ. ವಾರಕ್ಕೊಮ್ಮೆ ಡಬ್ಬಿಯನ್ನು ಬುಡಮೇಲು ಮಾಡಿಟ್ಟರೆ ಗುಂಡು ಒಂದೇ ಬದಿಗೆ ಚಪ್ಪಟೆಯಾಗುವುದಿಲ್ಲ. ಫ್ರಿಜ್ಜಿನಲ್ಲಿ ಇಡಬಾರದು, ಹೊರಗೆ ತೆಗೆದೊಡನೆ ಬೆವರುತ್ತದೆ. ಹೆಪ್ಪುಗಟ್ಟಿಸಿ ಗಟ್ಟಿ ಮಾಡುವ ಹುಡುಗರಿದ್ದಾರೆ ಎಂದು ಕೇಳಿದ್ದೇನೆ. ಬಣ್ಣದ ಗುಂಡು ಒಡೆದು ಚೆಲ್ಲುವುದರಿಂದಲೇ ಮೈಗೆ ತಾಗಿದ ಪೆಟ್ಟು ಹಗುರಾಗುವುದು. ಒಡೆಯದ ಗುಂಡು ಕಲ್ಲೇ.

ಸೋರುವ ರೋಗಕ್ಕೆ ಮದ್ದು ಓರಿಂಗು. ಸಿಲಿಂಡರ್ ಗನ್ನಿಗೆ ಕೂಡುವ ಕಡೆ ಇರುವ ರಬ್ಬರ್ ಬಳೆಯ ಒಳವ್ಯಾಸ 14 ಮಿಲಿಮೀಟರ್, ದಪ್ಪ 1.78. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಕೊಡುವುದು 14ಕ್ಕೆ 2ರದ್ದು. ತಿರುಗಿಸಿ ಬಿಗಿ ಮಾಡಿದರೆ ಕೂತ ಹಾಗೆ ಕಾಣುತ್ತದೆ, ಎರಡು ದಿನಕ್ಕೆ ಅಂಚು ತಿಂದುಹೋಗಿ ಮತ್ತೆ 'ಸುಂಯ್' ಎನ್ನುತ್ತದೆ. ನಾನು ಮೂರು ಹಾಳು ಮಾಡಿಯೇ ಕಲಿತದ್ದು. ಸಾಧಾರಣ ಕಪ್ಪು ನೈಟ್ರೈಲ್ ರಬ್ಬರು ಕಾರ್ಬನ್ ಡೈಆಕ್ಸೈಡ್ ಹೀರಿ ಉಬ್ಬುತ್ತದೆ, ಪಾಲಿಯುರಿಥೇನಿನದು ತಾಳುತ್ತದೆ. ಬೆಲೆ ಜಾಸ್ತಿ, ಆದರೂ ಅದನ್ನೇ ಹುಡುಕಿ ತರಿಸುವುದು ಮೇಲು. ಹಚ್ಚಲು ಸಿಲಿಕೋನ್ ಗ್ರೀಸ್. ಗ್ಯಾರೇಜಿನ ಗ್ರೀಸು ಬೇಡ. ನಳಿಗೆ ಒರೆಸಲು ಗಂಗೊಳ್ಳಿಯಲ್ಲಿ ಸಿಗುವ ಬಲೆಯ ನೈಲಾನ್ ಹುರಿಗೆ ಹಳೆ ಬನಿಯನ್ ತುಂಡು ಕಟ್ಟಿ ಎಳೆದರಾಯಿತು. ಉಪ್ಪುಗಾಳಿಯ ಊರಾದ್ದರಿಂದ ಸ್ಪ್ರಿಂಗು, ಸುತ್ತಿಗೆ ತುಂಡುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ಒರೆಸಲೇಬೇಕು. ಇಷ್ಟು ಮಾಡಿದರೆ ಹಳೆಯ ಗನ್ನು ಹೊಸದಕ್ಕೆ ತೀರ ಹಿಂದೆ ಬೀಳುವುದಿಲ್ಲ.

ಗ್ಯಾಸಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅಗ್ಗವಾಗಿ ಸಿಗುವುದು ಕಾರ್ಬನ್ ಡೈಆಕ್ಸೈಡ್. ಸೋಡಾ ಮಾಡುವವರ ಹತ್ತಿರ, ಬೆಂಕಿ ನಂದಿಸುವ ಸಿಲಿಂಡರ್ ತುಂಬುವವರ ಹತ್ತಿರ, ವೆಲ್ಡಿಂಗ್ ಗ್ಯಾಸಿನವರ ಹತ್ತಿರ ಇದ್ದೇ ಇರುತ್ತದೆ. ಸಿಲಿಂಡರಿನೊಳಗೆ ಅದು ದ್ರವವಾಗಿದ್ದು, 21 ಡಿಗ್ರಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 60 ಕೆ.ಜಿ. ಒತ್ತಡ ಕೊಡುತ್ತದೆ. ಆದರೆ 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯಲಾರದು. ಅಲ್ಲಿಂದ ಮುಂದೆ ಎಷ್ಟು ತುಂಬಿದ್ದೀರಿ ಎಂಬುದರ ಮೇಲೆ ಒತ್ತಡ ಬಲು ಬೇಗ ಏರುತ್ತದೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ನೆರಳಲ್ಲೇ 33, 34 ಡಿಗ್ರಿ. ಮರವಂತೆಯ ಬಿಸಿಲಲ್ಲಿ ಕಾರು ನಿಲ್ಲಿಸಿ ಒಳಗೆ ಸಿಲಿಂಡರ್ ಬಿಟ್ಟುಹೋದರೆ ಏನಾದೀತು ಎಂದು ಯೋಚಿಸಿ. ಆದ್ದರಿಂದ ತುಂಬುವಾಗ ತಕ್ಕಡಿಯ ಮೇಲಿಟ್ಟು ತೂಕ ನೋಡಿಯೇ ತುಂಬಿಸಬೇಕು. ಬಾಯಿಯ ಹತ್ತಿರ ಒಂದು ತೆಳು ತಾಮ್ರದ ಬಿಲ್ಲೆ ಇರುತ್ತದೆ. ಒತ್ತಡ ಮೀರಿದರೆ ಅದು ಒಡೆದು ಅನಿಲ ಬಿಡುತ್ತದೆ. ಒಡೆದಾಗ ಅದರ ಜಾಗಕ್ಕೆ ಬೋಲ್ಟು ಬಡಿದು ಮುಚ್ಚಿದ ಒಂದು ಸಿಲಿಂಡರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಮನೆಯೊಳಗಿಟ್ಟ ಬಾಂಬು. ಐದು ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆ ಆಗದ ಸಿಲಿಂಡರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಪಿವಿಸಿ ಪೈಪಿಗೆ ಮುಚ್ಚಳ ಅಂಟಿಸಿ ಗಾಳಿಯ ಟ್ಯಾಂಕು ಮಾಡುವ ಯೋಚನೆಯನ್ನು ಮನಸ್ಸಿಗೇ ತರಬಾರದು. ಪೈಪು ತಾಳುವುದು 6, ಗ್ಯಾಸ್ ಒತ್ತುವುದು 60.

ಇನ್ನೊಂದು ದಾರಿ ಒತ್ತಿ ತುಂಬಿದ ಬರಿ ಗಾಳಿ. ಅದು ಬಿಸಿಲಿಗೂ ಮಳೆಗೂ ಅಷ್ಟಾಗಿ ಬದಲಾಗುವುದಿಲ್ಲ, ಗುಂಡಿನ ವೇಗವೂ ಒಂದೇ ಸಮ ಇರುತ್ತದೆ. ಪೇಂಟ್‌ಬಾಲ್ ಗಾಳಿ ಸಿಲಿಂಡರಿಗೆ ಬೇಕಾದದ್ದು ಸುಮಾರು 200 ಬಾರ್. ಟಯರ್ ಅಂಗಡಿಯ ಕಂಪ್ರೆಸರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬೈಂದೂರಿನಿಂದ ಉತ್ತರಕ್ಕೆ ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಕರೆದೊಯ್ಯುವವರು ತಮ್ಮ ಸಿಲಿಂಡರುಗಳನ್ನು ತುಂಬಿಸುವುದೂ ಅಷ್ಟೇ ಒತ್ತಡಕ್ಕೆ. ಸರಿಯಾದ ಜೋಡಣೆ ಇದ್ದು ಅವರು ಒಪ್ಪಿದರೆ ಕೆಲಸ ಆದೀತು. ಸಮುದ್ರದಡಿಯ ಮೀನು ನೋಡಲು ಬಳಸುವ ಗಾಳಿ ಘಟ್ಟದ ಬುಡದ ಆಟಕ್ಕೂ ಒದಗುವುದೆಂದರೆ ನಮ್ಮ ಊರುಗಳ ಭೂಗೋಳವೇ ಹಾಗಿದೆ. ಕಡಲಿಗೂ ಕಾಡಿಗೂ ನಡುವೆ ಒಂದು ಗಂಟೆಯ ದಾರಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಜೋರು ಮಾಡುವುದು. ಗನ್ನಿನ ಬದಿಯಲ್ಲಿ ಒಂದು ಸ್ಕ್ರೂ ಇರುತ್ತದೆ, ತಿರುಗಿಸಿದರೆ ವೇಗ ಏರುತ್ತದೆ. ಸಾಲದಿದ್ದರೆ ಬಿಗಿ ಸ್ಪ್ರಿಂಗ್ ಹಾಕಬಹುದು, ಲೇತಿನವರು ಹೇಳಿದ ಹಾಗೆ ಮಾಡಿಕೊಡುತ್ತಾರೆ. ಕೆಲಸ ಸುಲಭ, ದುಡ್ಡೂ ಹೆಚ್ಚಿಲ್ಲ. ನಾನು ಬೇಡ ಎನ್ನುವುದು ಏಕೆಂದರೆ ವೇಗ ಎಷ್ಟಾಯಿತು ಎಂದು ಯಾರೂ ಅಳೆಯುವುದಿಲ್ಲ. ಅಳೆಯುವ ಯಂತ್ರ ದುಬಾರಿ ಎನ್ನುತ್ತಾರೆ. ಕಿಸೆಯಲ್ಲಿರುವ ಮೊಬೈಲೇ ಸಾಕು. 10 ಮೀಟರ್ ದೂರದಲ್ಲಿ ಒಂದು ತಗಡಿನ ಶೀಟು ನಿಲ್ಲಿಸಿ, ಗನ್ನಿನ ಪಕ್ಕ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಹೊಡೆಯಿರಿ. ಗುಂಡು ಹೊರಟ ಸದ್ದು, ತಗಡಿಗೆ ಬಡಿದ ಸದ್ದು ಎರಡೂ ಪರದೆಯ ಮೇಲೆ ಎರಡು ಮೊನೆಗಳಾಗಿ ಕಾಣುತ್ತವೆ. ನಮ್ಮ ಒಂದು ಗನ್ನಿನಲ್ಲಿ ಆ ಮೊನೆಗಳ ನಡುವೆ ಸಿಕ್ಕಿದ್ದು 0.15 ಸೆಕೆಂಡ್. ತಗಡಿನ ಸದ್ದು 10 ಮೀಟರ್ ಹಿಂದಿರುಗಲು ತಗಲುವ 0.03 ಸೆಕೆಂಡ್ ಕಳೆದರೆ ಉಳಿದದ್ದು 0.12. ಅಂದರೆ ಸರಾಸರಿ ವೇಗ ಸೆಕೆಂಡಿಗೆ 83 ಮೀಟರ್. ಗುಂಡು ಹಗುರ, ಗಾಳಿಯಲ್ಲಿ ಬೇಗ ಸೊರಗುತ್ತದೆ. ಆ ಹತ್ತು ಮೀಟರಿನಲ್ಲೇ ವೇಗದ ಐದನೇ ಒಂದು ಪಾಲು ಹೋಗಿರುತ್ತದೆ. ಲೆಕ್ಕ ಹಿಂದಕ್ಕೆ ಹಾಕಿದರೆ ನಳಿಗೆಯ ಬಾಯಲ್ಲಿ 93 ಮೀಟರ್ ಇದ್ದಿರಬೇಕು. ಯಾರೋ ಮೊದಲೇ ಸ್ಕ್ರೂ ತಿರುಗಿಸಿಟ್ಟಿದ್ದರು, ಮಿತಿ ಮೀರಿತ್ತು. ಸಡಿಲಿಸಿ ಮತ್ತೆ ಹೊಡೆದು 85ಕ್ಕೆ ಇಳಿಸಿದೆವು. ಅಚ್ಚರಿಯೆಂದರೆ ವೇಗ ಇಳಿದ ಮೇಲೆ ಗುಂಡು ಹೆಚ್ಚು ನೇರ ಹೋಯಿತು, ನಳಿಗೆಯಲ್ಲಿ ಒಡೆಯುವುದೂ ಪೂರ್ತಿ ನಿಂತಿತು.

ಕಾನೂನಿನ ಲೆಕ್ಕವೂ ಇಲ್ಲೇ ಸೇರಿಕೊಂಡಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗಾಳಿಕೋವಿಯ ಶಕ್ತಿ 20 ಜೂಲ್ ದಾಟಿದರೆ, ಇಲ್ಲವೇ ನಳಿಗೆ 4.5 ಮಿಲಿಮೀಟರಿಗಿಂತ ದೊಡ್ಡದಾದರೆ ಲೈಸೆನ್ಸ್ ಪ್ರಶ್ನೆ ಬರುತ್ತದೆ. 3 ಗ್ರಾಂ ಗುಂಡನ್ನು 116 ಮೀಟರ್ ವೇಗಕ್ಕೆ ಏರಿಸಿದರೆ ಆ 20 ಜೂಲ್ ಆಗಿಹೋಯಿತು. ಬಿಗಿ ಸ್ಪ್ರಿಂಗ್ ಹಾಕಿದವನಿಗೆ ಅದು ದೂರದ ಮಾತಲ್ಲ. ನಳಿಗೆಯ ಅಗಲವಂತೂ ಮೊದಲೇ 17 ಮಿಲಿಮೀಟರ್. ಹಾಗಾಗಿ ಇಂಥದ್ದನ್ನು ತರುವ ಮೊದಲೇ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಕಣ್ಣು. ನಮ್ಮ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್. ಕ್ರಿಕೆಟ್ ಚೆಂಡು ಬಂದು ಬಡಿದರೆ ಹುಬ್ಬಿನ, ಕೆನ್ನೆಯ ಮೂಳೆ ಅರ್ಧ ಪೆಟ್ಟನ್ನಾದರೂ ತಡೆಯುತ್ತದೆ. 17 ಮಿಲಿಮೀಟರಿನ ಗುಂಡಿಗೆ ಆ ಮೂಳೆಗಳ ತಡೆ ಇಲ್ಲ, ಗೂಡಿನೊಳಕ್ಕೇ ಹೋಗುತ್ತದೆ. ವೆಲ್ಡಿಂಗ್ ಅಂಗಡಿಯ ಕನ್ನಡಕ, ಬೈಕಿನ ಕನ್ನಡಕ ಇದಕ್ಕೆ ಆಗುವುದಿಲ್ಲ. ಪೇಂಟ್‌ಬಾಲಿಗೆಂದೇ ಎಎಸ್‌ಟಿಎಂ ಎಫ್1776 ಎಂಬ ಮಾನದಂಡ ಇದೆ, ಅದರ ಗುರುತಿರುವ ಮುಖವಾಡವೇ ಬೇಕು. ದುಡ್ಡು ಕಡಿಮೆ ಇದ್ದರೆ ಮೊದಲು ಇದನ್ನು ಕೊಳ್ಳಿ, ಉಳಿದದ್ದರಲ್ಲಿ ಗನ್ನು. ಭಾವನಿಗೆ ನಾನು ಹಾಕಿದ ಷರತ್ತು ಇದೊಂದೇ. ಗಾಜಿನಲ್ಲಿ ಗೀರು ಬಿದ್ದ ಎರಡು ಮುಖವಾಡಗಳನ್ನು ಅವರೆದುರೇ ಕತ್ತರಿಸಿ ಹಾಕಿದೆ, ಯಾರೂ ಮತ್ತೆ ಹಾಕಿಕೊಳ್ಳಬಾರದೆಂದು.

ಇನ್ನು ತೋಟದವರ ಪ್ರಶ್ನೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬೆಟ್ಟದಿಂದ ಇಳಿದು ಮನೆಗಳಿಗೆ ನುಗ್ಗುವ ಬಬೂನ್ ಕೋತಿಗಳನ್ನು ತಡೆಯಲು ನೇಮಿಸಿದ ಕಾವಲುಗಾರರು ಹಲವು ವರ್ಷ ಪೇಂಟ್‌ಬಾಲ್ ಗನ್ ಬಳಸಿದ್ದಾರೆ. ತರಬೇತಾದವರು, ನಿಯಮಕ್ಕೆ ಒಳಪಟ್ಟವರು. ಹಾಗಿದ್ದೂ ಅಲ್ಲಿ ಪ್ರಾಣಿದಯಾ ಸಂಘದವರ ತಕರಾರು ನಿಂತಿಲ್ಲ. ಅವರ ಬಬೂನು ನಮ್ಮ ಮಂಗನಿಗಿಂತ ಬಹಳ ದೊಡ್ಡದು ಎಂಬುದನ್ನೂ ನೆನಪಿಡಬೇಕು. ನಮ್ಮ ತೋಟಕ್ಕೆ ಬರುವ ಹೆಣ್ಣು ಮಂಗ ನಾಲ್ಕೈದು ಕಿಲೋ, ಮರಿ ಹೊಟ್ಟೆಗೆ ಅಂಟಿಕೊಂಡಿರುತ್ತದೆ. 12 ಜೂಲಿನ ಪೆಟ್ಟು ಮುಖಕ್ಕೋ ಮರಿಗೋ ಬಿದ್ದರೆ ಅದು ಓಡಿಸಿದ್ದಲ್ಲ, ಕೊಂದದ್ದು. 2022ರ ತಿದ್ದುಪಡಿಯಾದ ಮೇಲೆ ಈ ಮಂಗ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಗಾಯ ಮಾಡಿದರೂ ಬೇಟೆಯೆಂದೇ ಲೆಕ್ಕ. ಗಾಯಗೊಂಡ ಮಂಗ ಎಲ್ಲೋ ಹೋಗಿ ಸಾಯುವುದು ನಮಗೂ ಒಳ್ಳೆಯದಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳಿಂದಲೂ ಹರಡುತ್ತದೆ. 2019ರ ಆರಂಭದಲ್ಲಿ ಘಟ್ಟದ ಮೇಲಿನ ಅರಳಗೋಡಿನಲ್ಲಿ ಅದು ಮನೆಮನೆಗಳಿಂದ ಜನರನ್ನು ಒಯ್ದದ್ದನ್ನು ನಾವು ಕೆಳಗಿನವರು ಮರೆತಿಲ್ಲ, ಮರೆಯಬಾರದು.

ಹೊಸಂಗಡಿಯವರಿಗೆ ಹೀಗೆಯೇ ಹೇಳಿದೆ. ಅವರು ಸುಮ್ಮನೆ ಕೇಳಿ, "ಹಂಗಾರೆ ನಾವ್ ಎಂತ ಮಾಡುದ್ ಮಾರಾಯ್ರೆ, ತೋಟ ಬಿಟ್ಟ್ ಹೋಪುದಾ?" ಎಂದರು. ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿ ಇರಲಿಲ್ಲ. ಬಣ್ಣದ ಗುಂಡಿಗೆ ನಾನು ಕಂಡ ಒಂದೇ ಉಪಯೋಗವನ್ನು ಹೇಳಿದೆ. ಆಳು ಕಾವಲಿಗೆ ಹೋದಾಗ ಹಿಂಡಿನಿಂದ ದೂರದ ಶೀಟಿಗೋ ಒಣ ಮರದ ಕಾಂಡಕ್ಕೋ ಹೊಡೆದರೆ ಆ ಸದ್ದಿಗೆ ಮಂಗ ಎದ್ದು ಹೋಗುತ್ತದೆ. ಅಷ್ಟು ಮಾತ್ರಕ್ಕೆ ತಗಡಿನ ಡಬ್ಬಿ ಬಡಿದರೂ ನಡೆಯುತ್ತದೆ, ಒಂದು ಒಳ್ಳೆಯ ನಾಯಿ ಇದ್ದರೆ ಇನ್ನೂ ಮೇಲು. ಮಂಗ ಬುದ್ಧಿವಂತ, ಒಂದೇ ಸದ್ದು ಹತ್ತು ದಿನಕ್ಕೆ ಹಳತಾಗುತ್ತದೆ. ಕಾವಲಿನ ಮನುಷ್ಯ ಬೇಕೇ ಬೇಕು, ಅವನ ಸಂಬಳವೇ ತೋಟದವರ ಕೈಗೆಟುಕದ ಖರ್ಚು. ಕೇಪ್‌ಟೌನಿನವರು ಆ ಸಂಬಳವನ್ನು ನಗರಾಡಳಿತದಿಂದ ಕೊಡಿಸಿದರು. ನಮ್ಮ ಪಂಚಾಯಿತಿಗಳು ನಾಲ್ಕಾರು ತೋಟಗಳಿಗೆ ಸೇರಿ ಒಬ್ಬ ಕಾವಲಿನವನನ್ನು ಇಡುವಂತಾದರೆ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಂಥವರು ಯಾವ ಸದ್ದು, ಯಾವ ಹೊತ್ತು, ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದನ್ನು ತೋಟದಲ್ಲೇ ನಿಂತು ಪರೀಕ್ಷಿಸಿ ಹೇಳಿದರೆ, ಬಾಗಿಲ ಮೂಲೆಯ ಕಾರ್ಬೈಡ್ ಪೈಪನ್ನು ಎಸೆಯಿರಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಭಾವನ ಗನ್ನುಗಳು ಈಗ ಅಟ್ಟದಲ್ಲಿವೆ. ಮಳೆ ಬಿಡುವ ತನಕ ಆಟ ಇಲ್ಲ. ಸ್ಪ್ರಿಂಗಿಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿದೆ, ಓರಿಂಗುಗಳು ಒಂದು ಸಣ್ಣ ಬಾಟಲಿಯಲ್ಲಿ, ಸಿಲಿಂಡರ್ ಖಾಲಿ ಮಾಡಿ ತಂಪು ಕೋಣೆಯಲ್ಲಿ. ನಿನ್ನೆ ನೆರೆಮನೆಯ ಮಕ್ಕಳು ಬಂದು ಗುಂಡು ಹೆಕ್ಕುವ ತೂತಿನ ಹಲಗೆ ಕೇಳಿದರು. ಅಜ್ಜಯ್ಯ ಅವರಿಗೆ ವಾಟೆ ಕಡಿದುಕೊಟ್ಟಿದ್ದಾರಂತೆ, ಅಷ್ಟಮಿಗೆ ಕಾಯಿ ಹೆರ್ಕಬೇಕಂತೆ. ಹಲಗೆಯ ತೂತು ಪೆಟ್ಲಿಗೆ ದೊಡ್ಡದು. ಮೂರನೆಯದೊಂದು ಸಣ್ಣ ತೂತು ಕೊರೆದುಕೊಟ್ಟೆ.